ಎರಡನೇ ಪಂಚ

ಹೆಸರು ಉಗ್ಗಪ್ಪ ಗಾಣಿಗ ಎಂದೆ.
ವಯಸ್ಸು ಐವತ್ತೆಂಟು. ಕಸುಬು,
ಹೆಬ್ರಿ ಪೇಟೆಯಾಚೆ ಒಂದು ಜೀನಸಿನ ಅಂಗಡಿ.
ಕಟಕಟೆಯ ಹಲಸಿನ ಹಲಗೆಯ ಮೇಲೆ ಕೈಯಿಟ್ಟೆ,
ಯಾರ್ಯಾರ ಬೆವರೋ, ಅಂಟುತ್ತಿತ್ತು.

ಪಂಚರೆಂದರೆ ಐವರಲ್ಲ ಮಾರಾಯ್ರೆ,
ಮಹಜರಿನ ಹೊತ್ತಿಗೆ ಎಚ್ಚರಿದ್ದ ಇಬ್ಬರು.
ಮೊದಲನೆಯವರು ಹಾಲಿನ ಡಿಪೋದ ಸಿಲ್ವೆಸ್ಟರ್ ಪರ್ಬುಗಳು,
ಕಳೆದ ಆಟಿಯಲ್ಲಿ ತೀರಿಕೊಂಡರು.
ಉಳಿದವ ನಾನು.

ಬೆಳಿಗ್ಗೆ ಐದೂವರೆ. ಶಟರ್ ಅರ್ಧ ಎತ್ತಿದ್ದೆ.
ಫಾರೆಸ್ಟಿನ ಜೀಪು ನಿಂತಿತು.
'ತಕ್ಕಡಿ ಉಂಟಾ?' ಎಂದ ಗಾರ್ಡು,
ಗೋಣಿಯಿಂದ ತೆಗೆದು ತಟ್ಟೆಯ ಮೇಲಿಟ್ಟ
ಒಂದು ಬರಿಂಕ.
ಬೆಲ್ಲದ ಇರುವೆಗಳಿನ್ನೂ ತಟ್ಟೆಯಲ್ಲಿದ್ದವು.
ಕಾಲು ಪೆನ್ಸಿಲಿನಷ್ಟು.
ಎರಡು ಕಿಲೋ ಮುನ್ನೂರು ಗ್ರಾಂ.

ಜೀಪಿನ ಹಿಂದೆ ದೇಜಪ್ಪ,
ಹಣೆಗೆ ಕಟ್ಟಿದ ಟಾರ್ಚು ಆರಿಸಲು ಮರೆತಿದ್ದ.
ತಲೆಯೆತ್ತಿದಾಗ ಬೆಳಕು ನನ್ನ ಕಣ್ಣಿಗೇ.
ಹಾಗೆ ಬಿದ್ದರೆ ಪ್ರಾಣಿ ಓಡುವುದಿಲ್ಲವಂತೆ.
ನಾನೂ ಓಡಲಿಲ್ಲ.
ತೋರಿಸಿದಲ್ಲಿ ಸಹಿ ಹಾಕಿದೆ.

ಆಮೇಲೆ ಆರು ವರ್ಷ.
ಬರಿಂಕವನ್ನು ಕೋರ್ಟಿನ ಅಪ್ಪಣೆ ಪಡೆದು, ಫೋಟೋ ಹಿಡಿದು, ಸುಟ್ಟರು.
ಕೋವಿ ಮುದ್ದೆಮಾಲು; ಹಂದಿ ಓಡಿಸಲೆಂದು
ಅವನಪ್ಪನ ಕಾಲಕ್ಕೆ ಸಿಕ್ಕಿದ ಲೈಸೆನ್ಸು ರದ್ದು.
ಬೈಕು ರೇಂಜ್ ಆಫೀಸಿನ ಹಿತ್ತಿಲಲ್ಲಿ,
ಚಕ್ರದ ಕಡ್ಡಿಗಳಿಗೆ ಬಸಳೆ ಹಬ್ಬಿದೆ,
ಯಾರೋ ಕೊಯ್ದು ಪದಾರ್ಥವೂ ಮಾಡುತ್ತಾರೆ.
ಮಸ್ಕತ್ತಿನಲ್ಲಿ ಕ್ರೇನ್ ಓಡಿಸುವ ಕೆಲಸ
ಎರಡು ಸಲ ಬಂದು ಎರಡು ಸಲವೂ
'ಪ್ರಕರಣ ಬಾಕಿ' ಎಂಬ ಪೊಲೀಸ್ ವರದಿಗೆ ಎಡವಿ ಬಿತ್ತು.
ವಾಯಿದೆಯ ದಿನ ಕಾರ್ಕಳದ ಬಸ್ಸಿಗೆ
ನನ್ನಲ್ಲೇ ಚಿಲ್ಲರೆ ಕೇಳುತ್ತಿದ್ದ.
ಬರೆದಿಟ್ಟುಕೊಳ್ಳಿ ಅನ್ನುತ್ತಿದ್ದ.
ಬರೆದಿದ್ದೇನೆ.

ಅವನ ವಕೀಲರು ಎದ್ದರು:
'ಅದು ಕುಮ್ಕಿ ಜಾಗ. ಅಭಯಾರಣ್ಯದ ಕಲ್ಲು
ಇನ್ನೂ ನೂರು ಮಾರು ಆಚೆ. ಹೌದೋ ಅಲ್ಲವೋ?'
ಸರಕಾರಿ ವಕೀಲರು ಕೂತಲ್ಲಿಂದಲೇ,
'ಕುಮ್ಕಿಯೂ ಸರಕಾರದ್ದೇ.
ಬರಿಂಕ ಕಲ್ಲಿನ ಯಾವ ಬದಿಗೆ ಸತ್ತರೂ ಷೆಡ್ಯೂಲು ಒಂದೇ.'
ಕಲ್ಲು ನನಗೆ ಗೊತ್ತು.
ಅದರ ಮೇಲೆ ಕೂತು ನೆಲ್ಲಿಕಾಯಿ ತಿಂದವ ನಾನು.
ನೆರಳು ಬೆಳಿಗ್ಗೆ ಆಚೆ, ಸಂಜೆ ಈಚೆ.

'ನೀವು ಸಹಿ ಹಾಕಿದ್ದು ಖಾಲಿ ಕಾಗದಕ್ಕೆ, ಅಲ್ಲವೇ?'
ಪ್ರಶ್ನೆಯಲ್ಲ, ತೆರೆದಿಟ್ಟ ಬಾಗಿಲು.
ಹೌದೆಂದರೆ ದೇಜಪ್ಪ ಮನೆಗೆ,
ನಾನು ಪ್ರತಿಕೂಲ ಸಾಕ್ಷಿ;
ನಮ್ಮೂರಲ್ಲಿ ಅದು ಬೈಗುಳವೇನಲ್ಲ.
ಹಿಂದಿನ ಸಂಜೆ ಅವನ ಹೆಂಡತಿ ಬಂದಿದ್ದಳು.
ಏನನ್ನೂ ಕೇಳಲಿಲ್ಲ.
ಕಾಲು ಕಿಲೋ ಸಕ್ಕರೆ ತೂಗಿಸಿ
ಮುಳ್ಳು ನಿಲ್ಲುವ ತನಕ ನೋಡುತ್ತ ನಿಂತಳು.

ಬರೆದ ಕಾಗದವೇ ಸ್ವಾಮಿ, ಎಂದೆ.
ತೂಕವೂ ಅದರಲ್ಲಿತ್ತು.
ತಕ್ಕಡಿ ನನ್ನದು.

ಯಾರೂ ಕೇಳದೆ ಉಳಿದದ್ದು ಒಂದುಂಟು.
ಅದರ ಹಿಂದಿನ ದೀಪಾವಳಿಗೆ
ಅದೇ ತಟ್ಟೆಯಲ್ಲಿ, ಅದೇ ದೇಜಪ್ಪ ತಂದದ್ದನ್ನು
ನಾಲ್ಕು ಪಾಲಾಗಿ ತೂಗಿದವ ನಾನೇ.
ಒಂದು ಪಾಲು ನಮ್ಮನೆಗೆ.
ಮೆಣಸು ತುಸು ಜಾಸ್ತಿಯಾಗಿತ್ತು.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ,
'ನೀವಿನ್ನು ಇಳಿಯಬಹುದು' ಎಂದರು.

ಮೂರು ವರ್ಷ, ಮೇಲೆ ಹತ್ತು ಸಾವಿರ ದಂಡ.
ಅಪೀಲು ಉಡುಪಿಯಲ್ಲಂತೆ.
ಹೊರಗೆ ಜಗಲಿಯಲ್ಲಿ ದೇಜಪ್ಪ ನನ್ನತ್ತ ಬಂದ.
ಹಿಂದೆ ಸರಿದೆ.
ಅವನು ಕಿಸೆಯಿಂದ ಮಡಚಿದ ನೋಟು ತೆಗೆದು
'ಬಸ್ಸಿನ ಬಾಕಿ' ಎಂದ.

ಮೊನ್ನೆ ಅಳತೆ-ತೂಕದ ಇಲಾಖೆಯವರು ಬಂದಿದ್ದರು.
ಬಟ್ಟುಗಳನ್ನಿಟ್ಟು ನೋಡಿ,
ತಕ್ಕಡಿಗೆ ಈ ವರ್ಷದ ಮುದ್ರೆ ಒತ್ತಿ ಹೋದರು.
ಸರಿಯಾಗಿದೆಯಂತೆ.